ಆಪಿನ ಹೊಲದ ಬಾಂದಗಲ್ಲು

ಆಪಿನಾಳ, ತಾ. ಅಫಜಲಪುರ
3 ಮಾರ್ಚ್ 2025

ಜೇವರ್ಗಿಯ ಮಣ್ಣು ಪರೀಕ್ಷೆಯ ಕಚೇರಿಯಲ್ಲಿರುವ ಪಲ್ಲವಿ ಎಂಬವರಿಗೆ,

ನಾನು ಸುಂದರಬಾಯಿ, ಆಪಿನಾಳದ ಲಿಂಗೈಕ್ಯ ನಾಗಣ್ಣಗೌಡರ ಹೆಂಡತಿ. ತವರು ಆಳಂದ ತಾಲೂಕಿನ ನರೋಣಾ. ಅಲ್ಲಿಯ ಹೈಸ್ಕೂಲಿನಲ್ಲಿ ಮ್ಯಾಟ್ರಿಕ್ ಪಾಸಾದ ವರ್ಷವೇ ಈ ಮನೆಗೆ ಸೊಸೆಯಾಗಿ ಬಂದೆ. ಗೌಡರು ತೀರಿಕೊಂಡು ಮೂವತ್ತೊಂದು ವರ್ಷ. ಅಂದಿನಿಂದ ಈ ಮನೆಗೂ ಎಂಬತ್ತು ಎಕರೆಗೂ ನಾನೇ ಗೌಡ. ಊರಿನವರು ನನ್ನನ್ನು ಗೌಡಸಾನಿ ಅನ್ನುತ್ತಾರೆ. ಹೆಸರು ಹಿಡಿದು ಕರೆಯುವವರು ಯಾರೂ ಉಳಿದಿಲ್ಲ. ಯಾರ ಹೊಲದಲ್ಲಿ ಕಾಲಿಟ್ಟಿರಿ ಎಂಬುದು ನಿಮಗೆ ತಿಳಿದಿರಲಿ ಎಂದು ಇದನ್ನು ಮೊದಲೇ ಬರೆದಿದ್ದೇನೆ.

ಕಳೆದ ವಾರ ನಾನು ತವರಿಗೆ ಹೋಗಿದ್ದಾಗ ನೀವು ಬಂದು, ನಮ್ಮ ಆಪಿನ ಹೊಲದಲ್ಲಿ ನಾಲ್ಕು ಕಡೆ ಕೊಳವೆ ಇಳಿಸಿ ಮಣ್ಣು ತೆಗೆದಿರಂತೆ. ಅಷ್ಟೇ ಆಗಿದ್ದರೆ ಸುಮ್ಮನಿರುತ್ತಿದ್ದೆ. ಆಳುಗಳ ಮುಂದೆ ನಿಂತು, ಬಸಿಗಾಲುವೆ ಮುಚ್ಚದಿದ್ದರೆ ಈ ಹೊಲ ಉಳಿಯುವುದಿಲ್ಲ ಎಂದಿರಂತೆ.

ಆ ಹೊಲ ಏನೆಂದು ನಿಮಗೆ ಗೊತ್ತಿಲ್ಲ. ಭೀಮಾ ಹೊಳೆ ಹಿಂದೆಂದೋ ಬಿಟ್ಟುಹೋದ ತಿರುವು ಅದು, ಹದಿನಾಲ್ಕು ಎಕರೆ. ನಾನು ಬಂದಾಗ ವರ್ಷವಿಡೀ ಮೊಳಕಾಲುದ್ದ ನೀರು, ಆಳೆತ್ತರದ ಆಪು ಹುಲ್ಲು, ಮೇಲೆ ಸೊಳ್ಳೆ. ಕೆಳಗಿನ ಓಣಿಯವರು ಆಪು ಕೊಯ್ದು ಚಾಪೆ ಹೆಣೆಯುತ್ತಿದ್ದರು. ಅದು ಬಿಟ್ಟರೆ ಯಾರಿಗೂ ಬೇಡವಾದ ಜಾಗ. 1996ರಲ್ಲಿ ಹೊಳೆಯವರೆಗೆ ಕಾಲುವೆ ತೋಡಿಸಿ ಆ ನೀರು ಇಳಿಸಿದವಳು ನಾನು. “ಗಂಡ ಸತ್ತಾಕಿ ಹೊಳಿ ಜೋಡಿ ಜಗಳಕ್ಕ ನಿಂತಾಳ” ಎಂದು ನಕ್ಕವರೇ ಮರುವರ್ಷ ಕಬ್ಬು ನೋಡಲು ಬಂದರು. ಆ ಕಾಲುವೆ ನನ್ನ ಮರ್ಯಾದೆ. ಅದನ್ನು ಮುಚ್ಚುವ ಮಾತು ನಿನ್ನೆ ಮೊನ್ನೆಯ ಹುಡುಗಿಯ ಬಾಯಿಂದ ಬರಬಾರದು.

ಉತ್ತರ ಕಾಗದದಲ್ಲಿ ಬರಲಿ. ಫೋನಿನಲ್ಲಿ ಆಡಿದ ಮಾತನ್ನು ನಾನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಯಾವ ಊರಿನವರು, ಯಾರ ಮಗಳು ಎಂಬುದನ್ನೂ ತಿಳಿಸಿ.

ಇಂತಿ,
ಸುಂದರಬಾಯಿ ನಾಗಣ್ಣಗೌಡ ಪಾಟೀಲ


ಜೇವರ್ಗಿ
12 ಮಾರ್ಚ್ 2025

ಮಾನ್ಯ ಸುಂದರಬಾಯಿಯವರಿಗೆ ನಮಸ್ಕಾರಗಳು.

ನಾನು ಕೇಳದೆ ಬಂದಿಲ್ಲ. ನಿಮ್ಮ ಮಗ ಅನೀಲಕುಮಾರ ಅವರು ಅರ್ಜಿ ಕೊಟ್ಟು ಕರೆಸಿದ್ದರು. ಕಬ್ಬು ಕಡಿದ ಮೇಲೆ ಜನವರಿಯಲ್ಲಿ ಹೊಲದಲ್ಲಿ ಬಿದ್ದ ಒಣ ಸೋಗೆಯ ರವದಿಗೆ ಬೆಂಕಿ ಹಚ್ಚಿದ್ದರು. ರವದಿ ಒಂದು ತಾಸಿನಲ್ಲಿ ಉರಿದುಹೋಯಿತು. ಆದರೆ ಇಪ್ಪತ್ತು ದಿನ ಕಳೆದರೂ ನೆಲದೊಳಗಿಂದ ಹೊಗೆ ಏಳುತ್ತಿತ್ತು. ಇದನ್ನು ಅವರು ನಿಮಗೆ ಹೇಳಿಲ್ಲ ಎಂದು ಕಾಣುತ್ತದೆ.

ಆ ಮಣ್ಣು ಕಪ್ಪಗೆ ಕಂಡರೂ ನಮ್ಮ ಎರೆಮಣ್ಣಲ್ಲ. ಎಷ್ಟೋ ನೂರು ವರ್ಷ ಆಪು ಬೆಳೆದು, ನೀರಿನಲ್ಲಿ ಬಿದ್ದು, ಪೂರ್ತಿ ಕೊಳೆಯದೆ ಪದರ ಮೇಲೆ ಪದರವಾಗಿ ಕೂತಿದ್ದೇ ಅಲ್ಲಿ ಮಣ್ಣಾಗಿದೆ. ಒಣಗಿದ ಹೆಂಟೆ ಕೈಯಲ್ಲಿ ಹಿಡಿದು ನೋಡಿ, ಸಗಣಿಯ ಕುಳ್ಳಿನಷ್ಟು ಹಗುರ. ಕುಳ್ಳಿನ ಹಾಗೆಯೇ ಉರಿಯುತ್ತದೆ. ನೀರಿನಲ್ಲಿ ಇರುವತನಕ ಅದಕ್ಕೆ ಸಾವಿಲ್ಲ. ನೀರು ಇಳಿಸಿದರೆ ಗಾಳಿ ಹೊಕ್ಕು, ಬೆಂಕಿ ಹಚ್ಚದಿದ್ದರೂ ವರ್ಷ ವರ್ಷ ತಾನೇ ಸವೆದುಹೋಗುತ್ತದೆ. ನೆಲ ವರ್ಷಕ್ಕೆ ಒಂದು ಬೆರಳಿನಷ್ಟು ಇಳಿಯುತ್ತದೆ. ಇಂಥ ಮಣ್ಣು ನಮ್ಮ ಸೀಮೆಯಲ್ಲಿ ಇನ್ನೆಲ್ಲೂ ನಾನು ಕಂಡಿಲ್ಲ.

ಕಾಲುವೆಯನ್ನು ಇನ್ನಷ್ಟು ಆಳ ಮಾಡಿಸಲು ಜೆಸಿಬಿಗೆ ಹೇಳಿಟ್ಟಿದ್ದೀರಿ ಎಂದು ಕೇಳಿದೆ. ದಯವಿಟ್ಟು ಬೇಡ. ನೀರು ನೆಲದಿಂದ ಒಂದು ಗೇಣಿಗಿಂತ ಕೆಳಗೆ ಹೋಗಬಾರದು. ಇನ್ನುಳಿದದ್ದು ಇದರೊಂದಿಗಿರುವ ವರದಿಯಲ್ಲಿದೆ.

ತಮ್ಮ ವಿಶ್ವಾಸಿ,
ಪಲ್ಲವಿ


ಆಪಿನಾಳ
28 ಮಾರ್ಚ್ 2025

ಪಲ್ಲವಿ ಅವರಿಗೆ,

ವರದಿ ಓದಿದೆ. ಮಗನನ್ನು ವಿಚಾರಿಸಿಕೊಂಡಿದ್ದೇನೆ, ಅದು ನಮ್ಮ ಮನೆಯ ಮಾತು.

ನೆಲ ಇಳಿಯುತ್ತದೆ ಎಂಬುದನ್ನು ನಾನು ಮೊದಲ ಸಲ ಕೇಳುತ್ತಿಲ್ಲ. ಹದಿನೇಳು ವರ್ಷದ ಹಿಂದೆ ಒಬ್ಬ ಕಳ್ಳ ಇದೇ ಮಾತು ಹೇಳಿದ್ದ. ನಿಮ್ಮ ಶಾಸ್ತ್ರಕ್ಕೆ ಎಂಥವನ ಸಾಕ್ಷಿ ಇದೆ ಎಂದು ತಿಳಿಯಲಿ, ಬರೆಯುತ್ತೇನೆ.

ಆಪಿನ ಹೊಲಕ್ಕೂ ನೆರೆಯ ಗುರಣ್ಣನ ಹೊಲಕ್ಕೂ ನಡುವೆ ಗಡಿಗೆ ಒಂದು ಬಾಂದಗಲ್ಲು ಇದೆ. ಪ್ರತಿ ಎಳ್ಳಮಾಸಿಗೆ, ಎಳ್ಳು ಅಮಾವಾಸ್ಯೆಯ ದಿನ, ಅದಕ್ಕೆ ಸುಣ್ಣ ಬಳಿದು, ಪೂಜೆ ಮಾಡಿ, ಹೊಲಕ್ಕೆ ಚರಗದ ಎಡೆ ಚೆಲ್ಲಿ, ಆಳುಮಕ್ಕಳೊಂದಿಗೆ ಅಲ್ಲೇ ಉಣ್ಣುವುದು ನಮ್ಮ ಮನೆಯ ಪದ್ಧತಿ. ನಾನು ಮದುವೆಯಾಗಿ ಬಂದಾಗ ಕಲ್ಲು ನನ್ನ ಮೊಳಕಾಲಿಗೆ ಬರುತ್ತಿತ್ತು. 2008ರ ಎಳ್ಳಮಾಸಿಯ ದಿನ ಪೂಜೆಗೆ ನಿಂತು ನೋಡುತ್ತೇನೆ, ತೊಡೆಗೆ ಬಂದಿದೆ, ನಮ್ಮ ಕಡೆಗೆ ವಾಲಿದೆ. ಹಿಂದಿನ ವರ್ಷದ ಸುಣ್ಣದ ಕೆಳಗೆ ಬರಿ ಕಲ್ಲು ಕಾಣುತ್ತಿದೆ. ಬಾಂದಗಲ್ಲು ಕಿತ್ತು ಸರಿಸುವವರು ಇದ್ದಾರೆಂದು ಕೇಳಿದ್ದೆ. ಆ ವಾರವೆಲ್ಲ ಬದುವಿನ ಕೆಲಸದಲ್ಲಿದ್ದವನು ಪೀರಪ್ಪ, ನಮ್ಮ ಸಂಬಳದಾಳು. ಅವನ ಹಾರೆ ಅಲ್ಲೇ ಬಿದ್ದಿತ್ತು.

“ಏನಲೇ ಪೀರ್ಯಾ, ಕಲ್ಲ ಎತ್ತಾಕ ಗುರಣ್ಣ ಏನ ತಿನಿಸ್ಯಾನ ನಿನಗ?” ಎಂದೆ.

“ಎತ್ತಿಲ್ರಿ ಅವ್ವಾರ. ಕಲ್ಲ ಇದ್ದಲ್ಲೇ ಅದ. ನೆಲ ಇಳದದರಿ.”

“ನೆಲ ಎಲ್ಲಿಗಿ ಇಳೀತದಲೇ? ಪಾತಾಳದಾಗ ಬೀಗರದಾರೇನು ಅದಕ್ಕ?”

ನೆರೆದವರೆಲ್ಲ ನಕ್ಕರು. ಮೋಜಣಿಯವರನ್ನು ಕರೆಸಿ ಅಳೆಸೋಣ ಎಂದು ಯಾರೋ ಅಂದರು. ನನ್ನ ಕಣ್ಣಿರುವಾಗ ಮೋಜಣಿ ಯಾಕೆ ಎಂದೆ. ಹೊತ್ತು ಮುಳುಗುವುದರೊಳಗೆ ಊರು ಬಿಡು ಎಂದೆ, ಬಿಟ್ಟ. ಮರುದಿನ ಕಲ್ಲಿನ ಬುಡದಲ್ಲಿ, ನೆಲಕ್ಕೆ ಸರಿಯಾಗಿ, ಹಸಿರು ಎಣ್ಣೆಬಣ್ಣದ ಗೆರೆ ಎಳೆಸಿದೆ. ಮತ್ತೆ ಯಾರಾದರೂ ಎತ್ತಿದರೆ ಗುರುತು ಸಿಗಬೇಕು ಎಂದು. ಈಗ ಅದರ ಮೇಲೆ ಹದಿನೇಳು ವರ್ಷದ ಸುಣ್ಣ ಕೂತಿದೆ.

ನೀವು ಯಾರ ಮಗಳು ಎಂದು ಕೇಳಿದ್ದೆ. ಅದಕ್ಕೆ ಉತ್ತರ ಬಂದಿಲ್ಲ.

ಸುಂದರಬಾಯಿ ನಾಗಣ್ಣಗೌಡ ಪಾಟೀಲ


ಜೇವರ್ಗಿ
9 ಏಪ್ರಿಲ್ 2025

ಸುಂದರಬಾಯಿಯವರಿಗೆ,

ನಾನು ಆ ಕಳ್ಳನ ಮಗಳು.

ಮೊದಲೇ ಹೇಳಿದ್ದರೆ ವರದಿಯನ್ನು ಹಗೆಯಿಂದ ಬರೆದಿದ್ದಾಳೆ ಅನ್ನುತ್ತಿದ್ದಿರಿ. ಹಾಗೆಂದು ಸುಮ್ಮನಿದ್ದೆ. ಬೇಕಾದರೆ ಮಣ್ಣನ್ನು ಬೇರೆಯವರಿಂದ ಪರೀಕ್ಷೆ ಮಾಡಿಸಿ. ಮಣ್ಣು ಯಾರ ಮಗಳೆಂದು ಕೇಳಿ ಉತ್ತರ ಕೊಡುವುದಿಲ್ಲ.

ಆ ದಿನ ನನಗೆ ಏಳು ವರ್ಷ. ಬಜ್ಜಿಪಲ್ಲೆ, ಸಜ್ಜೆರೊಟ್ಟಿ ಸಿಗುತ್ತದೆಂದು ನಮ್ಮವ್ವ ದ್ರೌಪದಿಯ ಸೆರಗು ಹಿಡಿದು ಬಂದಿದ್ದೆ. ನಮ್ಮ ಓಣಿಯವರನ್ನು ದೂರದ ಬೇವಿನ ಕೆಳಗೆ ಬೇರೆ ಕೂಡಿಸಿದ್ದರು. ಎಲೆ ಹಾಕಿದ್ದರು, ಇನ್ನೂ ಬಡಿಸಿರಲಿಲ್ಲ. ಅಷ್ಟರಲ್ಲಿ ಅವ್ವ ನನ್ನ ರಟ್ಟೆ ಹಿಡಿದು ಎಬ್ಬಿಸಿದಳು. ಹಿಂದೆ ನಗು ಕೇಳಿಸುತ್ತಿತ್ತು.

ಅಪ್ಪ ಇಲ್ಲಿಯ ಮಾರ್ಕೆಟಿನಲ್ಲಿ ತೊಗರಿ ಚೀಲ ಹೊತ್ತು ನನ್ನನ್ನು ಓದಿಸಿದ. ಆ ದಿನದ ಬಗ್ಗೆ ಅವನು ಹೆಚ್ಚು ಮಾತಾಡಿಲ್ಲ. ಒಮ್ಮೆ ಮಾತ್ರ ಅಂದ: “ಕಾಲುವಿ ತೋಡುವಾಗ ಆ ಕಲ್ಲಿನ ಬುಡ ನಾ ನೋಡೇನಿ. ಕೆಳಗ ಗಟ್ಟಿ ಎರಿ ಮ್ಯಾಲ ಕುಂತದ. ಹೊಲ ಹೋದ್ರೂ ಅದು ಹೋಗಂಗಿಲ್ಲ.” ನಿಮ್ಮ ಮರ್ಯಾದೆ ಎಂದಿರಲ್ಲ, ಆ ಕಾಲುವೆಯನ್ನು ತೋಡಿದ ಕೈ ಅವನದು.

ಎರಡು ಮಾತು ಕೇಳುತ್ತೇನೆ. ಕಲ್ಲು ಎತ್ತಿಸಿದನೆಂದು ನೀವು ಹೇಳಿದ ಗುರಣ್ಣನ ಮಗಳ ಮದುವೆಗೆ ಮರುವರ್ಷವೇ ನೀವು ಹೋಗಿ ಮುಯ್ಯಿ ಮಾಡಿ ಬಂದಿರಿ. ಎತ್ತಿಸಿದವನಿಗೆ ಮಾಫಿ ಆದರೆ, ಎತ್ತಿದವನಿಗೆ ಯಾಕಾಗಲಿಲ್ಲ?

ಇನ್ನೊಂದು. ಅಪ್ಪ ಊರು ಬಿಟ್ಟ ಮರುದಿನ ನೀವು ಎಳೆಸಿದ ಹಸಿರು ಗೆರೆ ಸುಣ್ಣದ ಕೆಳಗೆ ಹಾಗೇ ಇರಬೇಕು. ಕೆರೆದು ನೋಡಿ. ಅದು ಇವತ್ತೂ ನೆಲಕ್ಕೇ ಇದ್ದರೆ ನಮ್ಮಪ್ಪ ಕಳ್ಳ. ಮೇಲಿದ್ದರೆ, ಈ ಹದಿನೇಳು ವರ್ಷ ಎತ್ತಿದವರು ಯಾರು?

ಜೈಭೀಮ.
ಪಲ್ಲವಿ ಪೀರಪ್ಪ


ಆಪಿನಾಳ
29 ಮೇ 2025

ಪಲ್ಲವಿಗೆ,

ನಿನ್ನ ಕಾಗದ ಬಂದು ಒಂದೂವರೆ ತಿಂಗಳಾಯಿತು. ಉತ್ತರ ಕೊಡುವ ಅಗತ್ಯ ಕಂಡಿರಲಿಲ್ಲ.

ಮೊನ್ನೆ ಜೆಸಿಬಿ ತರಿಸಿ ಕಾಲುವೆಯನ್ನು ಎರಡು ಮೊಳ ಆಳ ಮಾಡಿಸಿದೆ. ಅನೀಲಕುಮಾರ ಯಂತ್ರದ ಮುಂದೆ ನಿಂತು “ಬ್ಯಾಡವ್ವ, ಆ ಹುಡುಗಿ ಬರದು ಕೊಟ್ಟಾಳ” ಎಂದ.

“ಆ ಹುಡುಗಿ ಯಾರ ಮಗಳು ಅಂಬೋದು ಗೊತ್ತೇನು ನಿನಗ?” ಎಂದೆ.

“ಗೊತ್ತದ. ಗೊತ್ತಿದ್ದೇ ಕರಿಸೇನಿ” ಎಂದ. ನಲವತ್ತು ವರ್ಷದ ಮಗ ಮೊದಲ ಸಲ ನನ್ನ ಮುಖ ನೋಡಿ ಮಾತಾಡಿದ. ಯಂತ್ರದವನಿಗೆ ನಡೆ ಎಂದೆ. ಅವನು ನಡೆಸಿದ.

ಒಂದು ಎತ್ತಿನ ಹಿಂಗಾಲು ಹೊಲದಲ್ಲಿ ಕುಸಿದು ಗೊರಸು ಬೆಂದಿದೆ. ಮೇಲೆ ನೋಡಲು ಗಟ್ಟಿ ನೆಲ, ಕೆಳಗೆ ಬಿಸಿ ಬೂದಿ. ಆಗುತ್ತದೆ. ಅದಕ್ಕೂ ನಿನ್ನ ವರದಿಗೂ ಸಂಬಂಧವಿಲ್ಲ.

ಕಲ್ಲನ್ನು ನಾನು ನೋಡಲು ಹೋಗಿಲ್ಲ.

ಸುಂದರಬಾಯಿ ನಾಗಣ್ಣಗೌಡ ಪಾಟೀಲ


ಜೇವರ್ಗಿ
7 ಜೂನ್ 2025

ಸುಂದರಬಾಯಿಯವರಿಗೆ,

ನಿಮ್ಮ ಕಾಗದವನ್ನು ಅಪ್ಪನಿಗೆ ಓದಿ ಹೇಳಿದೆ. ಕಾಲುವೆಯ ಮಾತನ್ನು ಮಲಗಿಕೊಂಡೇ ಕೇಳಿದ. ಎತ್ತಿನ ಮಾತು ಬಂದಾಗ ಎದ್ದು ಕೂತ.

“ಆ ಹೊಲದಾಗ ದನ ಬಿಡಬ್ಯಾಡ್ರಿ ಅಂತ ಬರಿ. ಉದ್ದನ ಬಿದರ ಕೋಲಿಲೆ ನೆಲ ಚುಚ್ಚಿ ನೋಡಿ ಹೆಜ್ಜಿ ಇಡಬೇಕು. ಕೋಲ ಬಿಸಿ ಆದ್ರ ಹಿಂದಕ್ಕ ಸರೀಬೇಕು. ಸಣ್ಣ ಗೌಡಗ ಹೇಳು, ಗೊರಸಿಗಿ ಬೇವಿನೆಣ್ಣಿ ಹಚ್ಚಲಿ, ನೊಣ ಕೂಡಬಾರದು.”

ಇಷ್ಟೇ. ನಾನು ಬರೆಯಬೇಕೆಂದಿದ್ದ ಬೇರೆ ಮಾತುಗಳನ್ನು ಬಿಟ್ಟಿದ್ದೇನೆ.

ಪಲ್ಲವಿ ಪೀರಪ್ಪ


ಆಪಿನಾಳ
14 ಅಕ್ಟೋಬರ್ 2025

ಪಲ್ಲವಿಗೆ,

ಎತ್ತು ನಡೆಯುತ್ತಿದೆ. ಬೇವಿನೆಣ್ಣೆ ಹಚ್ಚಿದೆವು.

ಸೆಪ್ಟೆಂಬರ್ ಕೊನೆಗೆ ಭೀಮಾ ಹೊಳೆ ಉಕ್ಕಿ ಬಂದದ್ದು ನಿನಗೆ ಗೊತ್ತೇ ಇದೆ. ನೀರನ್ನು ಹೊಳೆಗೆ ಒಯ್ಯಲೆಂದು ತೋಡಿಸಿದ ಕಾಲುವೆಯಲ್ಲೇ ಹೊಳೆ ನನ್ನ ಹೊಲಕ್ಕೆ ಬಂತು. ಆಳ ಮಾಡಿಸಿದ್ದರಿಂದ ಇನ್ನೂ ಬೇಗ ಬಂತು. ಸುತ್ತಲಿನ ಹೊಲಗಳ ನೀರು ನಾಲ್ಕು ದಿನದಲ್ಲಿ ಇಳಿಯಿತು. ಆಪಿನ ಹೊಲದ ನಡುವೆ ಇವತ್ತಿಗೂ ನಿಂತಿದೆ, ಗಂಗಾಳದಲ್ಲಿ ನಿಂತ ಹಾಗೆ. ಕಬ್ಬು ಬುಡದಿಂದ ಕೊಳೆತಿದೆ. ಸುತ್ತಲಿನ ನೆಲಕ್ಕಿಂತ ನನ್ನ ಹೊಲ ತಗ್ಗಿನಲ್ಲಿದೆ ಎಂದು ಹೇಳಲು ಈಗ ವರದಿ ಬೇಕಾಗಿಲ್ಲ.

ಅಂಚಿನ ನೀರು ಇಳಿದ ಮೇಲೆ ನಿನ್ನೆ ಮುಂಜಾನೆ ಒಬ್ಬಳೇ ಹೋದೆ. ನೆನೆದು ಸುಣ್ಣ ಸಿಪ್ಪೆಯ ಹಾಗೆ ಎದ್ದಿತ್ತು. ಒಂದು ಕಡೆ ಹಸಿರು ಕಂಡಿತು. ಕುಡುಗೋಲಿನಿಂದ ಸುತ್ತಲೂ ಕೆರೆದೆ. ಗೆರೆ ಪೂರ್ತಿ ಇದೆ. ನೆಲದಿಂದ ಗೆರೆಯವರೆಗೆ ಬೆರಳು ಇಟ್ಟು ಎಣಿಸಿದೆ. ಹದಿನೆಂಟು. ಹದಿನೇಳು ವರ್ಷಕ್ಕೆ ಹದಿನೆಂಟು ಬೆರಳು. ಕಲ್ಲಿನ ತಲೆ ಈಗ ನನ್ನ ಸೊಂಟಕ್ಕೆ ಬರುತ್ತದೆ.

ಇನ್ನೊಂದು ಮಾತು ಇದೆ. ಬರೆಯದಿದ್ದರೆ ಯಾರಿಗೂ ಗೊತ್ತಾಗುವುದಿಲ್ಲ. ನಿಮ್ಮಪ್ಪ ಹೋದ ಮರುವರ್ಷದ ಎಳ್ಳಮಾಸಿಗೆ, ಸುಣ್ಣ ಬಳಿಯುವ ಮೊದಲು ನಾನು ಬಗ್ಗಿ ಆ ಗೆರೆ ನೋಡಿದ್ದೆ. ಒಂದು ಬೆರಳು ಮೇಲಿತ್ತು. ಮಳೆಗೆ ಮಣ್ಣು ಕೊಚ್ಚಿರಬೇಕು ಎಂದುಕೊಂಡೆ. ಹಾಗೆ ಅಂದುಕೊಂಡದ್ದು ನಿಜವಲ್ಲ, ಅಂದುಕೊಳ್ಳಬೇಕೆಂದು ಅಂದುಕೊಂಡೆ. ಆಳಿಗೆ “ಇಲ್ಲಿ ದಪ್ಪ ಬಳಿ” ಎಂದೆ. ಆಮೇಲೆ ಒಂದು ವರ್ಷವೂ ಬಗ್ಗಿ ನೋಡಲಿಲ್ಲ.

ತಪ್ಪು ನನ್ನದು. ಇಲ್ಲಿ ಬರೆದಿದ್ದೇನೆ, ಸಹಿ ಇದೆ. ಇದನ್ನು ನಿಮ್ಮಪ್ಪನಿಗೆ ಓದಿ ಹೇಳು. ಅಷ್ಟು ಸಾಕೆಂದು ತಿಳಿಯುತ್ತೇನೆ. ನಮ್ಮ ಮನೆತನದಲ್ಲಿ ಆಡಿದ ಮಾತನ್ನು ಹಿಂದಕ್ಕೆ ತೆಗೆದುಕೊಂಡವರು ನನಗಿಂತ ಮೊದಲು ಯಾರೂ ಇಲ್ಲ.

ಸುಂದರಬಾಯಿ ನಾಗಣ್ಣಗೌಡ ಪಾಟೀಲ


ಜೇವರ್ಗಿ
26 ಅಕ್ಟೋಬರ್ 2025

ಸುಂದರಬಾಯಿಯವರಿಗೆ,

ಓದಿ ಹೇಳಿದೆ. ಇನ್ನೊಮ್ಮೆ ಓದು ಎಂದ ಅಪ್ಪ. ಹದಿನೆಂಟು ಬೆರಳು ಎಂಬಲ್ಲಿ ತನ್ನ ಕೈ ನೋಡಿಕೊಂಡ. ಅವ್ವ ಒಳಗೆ ಎದ್ದು ಹೋದಳು. ಆಮೇಲೆ ಅವನು ಹೇಳಿದ್ದನ್ನು ಹೇಳಿದ ಹಾಗೇ ಬರೆಯುತ್ತಿದ್ದೇನೆ:

“ಊರ ಮುಂದ ಅಂದದ್ದು ಕಾಗದದಾಗ ಅಳಸಂಗಿಲ್ಲ. ಎಲ್ಲಿ ಅಂದಾರೋ ಅಲ್ಲೇ ಅನ್ನಲಿ, ಯಾರ ಮುಂದ ಅಂದಾರೋ ಅವರ ಮುಂದೇ ಅನ್ನಲಿ. ಇಲ್ಲಂದ್ರ ಬಿಡಲಿ. ಚೀಲ ಹೊತ್ತ ಹೆಗಲಿಗಿ ಇದೇನ ಭಾರ ಅಲ್ಲ.”

ನಿಮ್ಮ ಮನೆತನದ ಮಾತು ನಿಮಗೆ ದೊಡ್ಡದು. ನನಗೆ ಬಡಿಸದ ಆ ಎಲೆ ದೊಡ್ಡದು.

ಹೊಲದ ಬಗ್ಗೆ ಕೇಳಿಲ್ಲ, ಆದರೂ ಬರೆಯುತ್ತೇನೆ. ಅದು ನನ್ನ ಕೆಲಸ. ಕಾಲುವೆಯ ಬಾಯಿಗೆ ಎರೆಮಣ್ಣು ತುಂಬಿ ಬಿಗಿಯಾಗಿ ದಮ್ಮಸು ಮಾಡಿ. ಒಂದು ಕಡೆ ಹಲಗೆ ಇಳಿಸುವ ಕಿಂಡಿ ಇರಲಿ. ಮಳೆಗಾಲದಲ್ಲಿ ಹೆಚ್ಚಿನ ನೀರು ಬಿಡಲು, ಬೇಸಿಗೆಯಲ್ಲಿ ಹಿಡಿದಿಡಲು ಬೇಕಾಗುತ್ತದೆ. ನೇಗಿಲು ಹೂಡಬೇಡಿ, ಬೆಂಕಿ ಹಚ್ಚಬೇಡಿ, ಕಬ್ಬು ಬೇಡ. ಅಂಚಿಗೆ ಮೇವಿನ ಹುಲ್ಲು ಬರುತ್ತದೆ. ನಡುವೆ ಆಪು ತಾನೇ ಏಳುತ್ತದೆ. ಹೋದ ಮಣ್ಣು ನಮ್ಮ ಕಾಲಕ್ಕೆ ಮರಳಿ ಬರುವುದಿಲ್ಲ. ಇರುವುದು ಉಳಿಯುತ್ತದೆ.

ಪಲ್ಲವಿ ಪೀರಪ್ಪ


ಆಪಿನಾಳ
20 ಡಿಸೆಂಬರ್ 2025

ಪೀರಪ್ಪನವರಿಗೆ,
ಶರಣು ಶರಣಾರ್ಥಿ.

ನಿಮ್ಮ ಮಗಳಿಗೆ ಎರಡು ತಿಂಗಳು ಉತ್ತರ ಬರೆಯಲಿಲ್ಲ. ಹೇಳಲು ಏನಾದರೂ ಆಗಿರಬೇಕಿತ್ತು. ಈಗ ಆಗಿದೆ. ಇದನ್ನು ಅವಳಿಗಲ್ಲ, ನಿಮಗೇ ಬರೆಯುತ್ತಿದ್ದೇನೆ.

ನಿನ್ನೆ ಎಳ್ಳಮಾಸಿ. ಹದಿನೇಳು ವರ್ಷದ ಹಿಂದಿನ ಹಬ್ಬಕ್ಕೆ ಯಾರ್ಯಾರು ಇದ್ದರೋ ನೆನಪು ಮಾಡಿ, ಬದುಕಿದ್ದವರನ್ನೆಲ್ಲ, ಗುರಣ್ಣನ ಮನೆಯವರನ್ನೂ, ಆಪಿನ ಹೊಲಕ್ಕೆ ಕರೆಸಿದ್ದೆ. ನಿಮ್ಮ ಓಣಿಗೆ ನಾನೇ ಹೋಗಿದ್ದೆ. ಆ ಓಣಿಯ ಮನೆಗಳ ಬಾಗಿಲು ಯಾವ ಕಡೆಗಿವೆ ಎಂದು ನನಗೆ ಈವರೆಗೆ ಗೊತ್ತಿರಲಿಲ್ಲ. ಬೇವಿನ ಕೆಳಗೆ ಬೇರೆ ಸಾಲು ಹಾಕಿಸಲಿಲ್ಲ. ಗುರಣ್ಣನೊಬ್ಬ ಉಳಿದ, ಅವನ ಮನೆಯ ನಾಲ್ವರು ಅದನ್ನು ನೋಡಿ, ನೆವ ಹೇಳಿ ಹೋದರು. ಹೋಗಲಿ ಎಂದೆ.

ಎಲೆ ಹಾಕಿದ ಮೇಲೆ, ಬಡಿಸುವ ಮೊದಲು, ಕಲ್ಲಿನ ಮೇಲೆ ಕೈ ಇಟ್ಟು ನಿಂತೆ. ಆಡಿದ ಮಾತು ಇಷ್ಟು: “ಇದೇ ದಿನ, ಇದೇ ಜಾಗಾದಾಗ ಪೀರಪ್ಪಗ ನಾ ಕಳ್ಳ ಅಂದೆ. ನೀವೆಲ್ಲ ನಕ್ರಿ. ಈ ಕಲ್ಲ ಯಾರೂ ಎತ್ತಿಲ್ಲ. ಅಂವ ಅಂದಂಗ ನೆಲ ಇಳದದ. ಇಳಿಸಿದಾಕಿ ನಾ. ಮರುವರ್ಷೇ ನನಗ ಗೊತ್ತಾಗಿತ್ತು. ಮುಚ್ಚಿಟ್ಟಾಕಿನೂ ನಾ.”

ಗುರಣ್ಣ, “ಹಬ್ಬದ ದಿನ ಇದೆಲ್ಲ ಯಾಕ ವೈನಿ, ಬಡಿಸ್ರಿ” ಎಂದ.

“ಅವತ್ತೂ ಹಬ್ಬ ಇತ್ತು ಗುರಣ್ಣ. ಎತ್ತಿಸಿಲ್ಲ ಅಂಬೋದು ನಿನಗ ಗೊತ್ತಿತ್ತು. ಅವತ್ತ ಬಾಗಲ ಹಾಕ್ಕೊಂಡ ಮನ್ಯಾಗ ಕುಂತಿದ್ದಿ” ಎಂದೆ. ಅವನು ಎಲೆಗೆ ನೀರು ಚಿಮುಕಿಸುತ್ತ ಕೂತ.

ನಿಮ್ಮ ಓಣಿಯ ಕಾಶಿಬಾಯಿ ಬಿಡಲಿಲ್ಲ. “ಇಷ್ಟ ಹೇಳಾಕ ಹದಿನೇಳ ವರ್ಷ ಬೇಕಾತೇನ್ರಿ ಗೌಡಸಾನಿ?” ಎಂದಳು.

“ಬೇಕಾತು” ಎಂದೆ.

“ಪಾತಾಳದಾಗ ಬೀಗರದಾರೇನು ಅಂತ ಅಂದಿದ್ರಿ. ಈಗ ಸಿಕ್ರೇನು ಬೀಗರು?”

ಯಾರೋ ನಕ್ಕರು. ಆ ನಗುವನ್ನು ತಡೆಯಲಿಲ್ಲ. ನಿಂತು ಪೂರ್ತಿ ಕೇಳಿಸಿಕೊಂಡೆ. ನಿಮಗೆ ಆ ದಿನ ಎಷ್ಟು ಉದ್ದ ಕೇಳಿಸಿರಬೇಕು ಎಂದು ಗೊತ್ತಾಯಿತು.

ಊಟವಾದ ಮೇಲೆ ಕಾಲುವೆ ಮುಚ್ಚಿದೆವು. ಮೊದಲ ಬುಟ್ಟಿ ಎರೆಮಣ್ಣು ನಾನು ಹಾಕಿದೆ. ಎರಡನೆಯದು ಅನೀಲಕುಮಾರ. ಹೊತ್ತು ಮುಳುಗುವುದರೊಳಗೆ ಬಾಯಿ ಬಿಗಿಯಾಯಿತು. ನಿಮ್ಮ ಮಗಳು ಹೇಳಿದ ಹಾಗೆ ಹಲಗೆಯ ಕಿಂಡಿ ಇಟ್ಟಿದ್ದೇವೆ.

ಆಪು ಕೊಯ್ಯುವುದು ಹಿಂದೆ ನಿಮ್ಮ ಓಣಿಯ ಹಕ್ಕಾಗಿತ್ತು. ನೀರು ಇಳಿಸಿದ ದಿನ ಅದನ್ನೂ ಇಳಿಸಿದೆ, ಯಾರನ್ನೂ ಕೇಳಲಿಲ್ಲ. ಇನ್ನು ಮುಂದೆ ನಡುವಿನ ಒಂಬತ್ತು ಎಕರೆಯ ಆಪು ಓಣಿಯದು ಎಂದು ಅಫಜಲಪುರದಲ್ಲಿ ಕಾಗದ ಮಾಡಿಸಿದ್ದೇನೆ. ನನ್ನ ಸಹಿಯೂ ಮಗನ ಸಹಿಯೂ ಇವೆ. ನಾನು ಹೋದ ಮೇಲೆ ಯಾರೂ ಬದಲಿಸಲಾರರು. ಪ್ರತಿ ಇದರೊಂದಿಗಿದೆ.

ನಿಮ್ಮನ್ನು ಬರ್ರಿ ಎಂದು ಕರೆಯುತ್ತಿಲ್ಲ. ಹೋಗು ಎಂದವಳಿಗೆ ಆ ಹಕ್ಕಿಲ್ಲ. ಬರುವುದು, ಬಿಡುವುದು ನಿಮಗೆ ಸೇರಿದ್ದು.

ಇವತ್ತು ಮುಂಜಾನೆ ನೋಡಿ ಬಂದೆ. ನೀರು ಏರಿ ಕಲ್ಲಿನ ಬುಡ ಮುಟ್ಟಿದೆ. ಈ ವರ್ಷ ಸುಣ್ಣ ಬಳಿಸಿಲ್ಲ. ಹಸಿರು ಗೆರೆ ದಾರಿಯಿಂದಲೇ ಕಾಣುತ್ತದೆ.

ಸುಂದರಬಾಯಿ